ಉಪ್ಪಿನ ಕಣಿವೆಯ ಅಳತೆ

ತುಮಕೂರು
15-6-2025, ಭಾನುವಾರ

ಪ್ರೀತಿಯ ರೇಣು ಮಾವನಿಗೆ,

ನಂದಿತಾ ಮಾಡುವ ನಮಸ್ಕಾರ. ಪಲ್ಲವಿ ಅತ್ತೆಗೂ ಅಷ್ಟೇ ನಮಸ್ಕಾರ, ಜಾಸ್ತಿ ಬೇಕೆಂದರೆ ಕೋಡುಬಳೆ ಕಳಿಸಲಿ.

ಹಾಸ್ಟೆಲ್ ಸೇರಿ ಹನ್ನೆರಡು ದಿನ ಆಯಿತು. ಬಂದ ದಿನವೇ ವಾರ್ಡನ್ ಸಿದ್ದಲಕ್ಷ್ಮಮ್ಮನವರು ಎಲ್ಲರ ಫೋನನ್ನೂ ಬಟ್ಟೆಯ ಚೀಲಕ್ಕೆ ಹಾಕಿಸಿ, ಹೆಸರು ಬರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಭಾನುವಾರಕ್ಕೊಮ್ಮೆ ಆಫೀಸಿನ ಫೋನಿನಿಂದ ಐದು ನಿಮಿಷ ಮನೆಗೆ ಮಾತಾಡಬಹುದು. ಮನೆ ಎಂದರೆ ಅಪ್ಪ, ಅಮ್ಮ. ಮಾವ ಲೆಕ್ಕಕ್ಕೆ ಬರುತ್ತಾರಾ ಎಂದು ಕೇಳಿದೆ. "ಅಮ್ಮನ ತಮ್ಮ ಆದ್ರೆ ಕಾಗದ ಬರಿ ಹೋಗು" ಎಂದರು. ಕಾಗದ ಎಷ್ಟು ಬೇಕಾದರೂ ಬರೆಯಬಹುದಂತೆ. ಬರುವುದನ್ನೂ ಹೋಗುವುದನ್ನೂ ಅವರು ಓದುತ್ತಾರೆ, ಅಷ್ಟೇ. ಆದ್ದರಿಂದ ಮಾವ, ಸರ್ಕಾರಿ ಕನ್ನಡದಲ್ಲೇ ಬರೆಯಿರಿ, ನಿಮಗೇನು ಹೊಸದಲ್ಲ.

ಕಾಲು ಹೇಗಿದೆ? ಅಮ್ಮನನ್ನು ಕೇಳಿದರೆ "ಅವ್ನಿಗೇನು, ಆರಾಮಾಗವ್ನೆ" ಎನ್ನುತ್ತಾಳೆ. ಇಪ್ಪತ್ತಮೂರು ವರ್ಷ ಕುಣಿಗಲ್ ತಾಲೂಕಿನ ಹೊಲಗದ್ದೆಗಳನ್ನೆಲ್ಲ ನಡೆದು ಅಳೆದ ಸರ್ವೇಯರ್, ಕಾಲಿಗೆ ರಾಡ್ ಹಾಕಿಸಿಕೊಂಡು ಮಂಚದ ಮೇಲೆ ಆರಾಮಾಗಿರುತ್ತಾರೆ ಎಂದರೆ ನಾನು ನಂಬುವುದಿಲ್ಲ. ಅದಕ್ಕೇ ಟಿವಿಗೆ ಜೋಡಿಸಿ ಆಡುವ ನನ್ನ ಗೇಮ್ ಬಾಕ್ಸನ್ನು ನಿಮ್ಮ ಮನೆಗೆ ಕಳಿಸಿದ್ದು. ಹೊತ್ತು ಹೋಗುತ್ತದೆ.

ಇದು ಒಂದೇ ದಾರಿಯಲ್ಲಿ ಓಡುವ ಆಟವಲ್ಲ. ಒಳಗೆ ಇಡೀ ಒಂದು ದೇಶವಿದೆ, ಎಲ್ಲಿಗೆ ಬೇಕಾದರೂ ಹೋಗಬಹುದು. ನನ್ನ ನಾಯಕಿಯ ಹೆಸರು ಚೌಡಿ, ಕುದುರೆಯ ಹೆಸರು ಬೆಲ್ಲ. ಎರಡು ವರ್ಷ ಆಡಿ ಹಳೆಯ ದೇಶವನ್ನು ಮುಗಿಸಿದ್ದೇನೆ. ಈಗ ಎಕ್ಸ್‌ಪಾನ್ಷನ್ ಬಂದಿದೆ, ಅಂದರೆ ಅದೇ ಆಟಕ್ಕೆ ಸೇರಿಸಿದ ಹೊಸ ನಾಡು. ಬಂದರಿನಲ್ಲಿ ನಿಂತಿರುವ ದೋಣಿಯವನನ್ನು ಮಾತಾಡಿಸಿದರೆ ಉಪ್ಪಿನ ಕಣಿವೆ ಎಂಬಲ್ಲಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿಯ ದೊರೆ ಕಾಣೆಯಾಗಿದ್ದಾನೆ. ಅವನನ್ನು ಹುಡುಕಿ, ಕೊನೆಯಲ್ಲಿ ಒಂದು ದೊಡ್ಡ ಬಾಗಿಲು ತೆರೆಯಬೇಕಂತೆ. ನನಗೆ ಗೊತ್ತಿರುವುದು ಇಷ್ಟೇ.

ನೀವೇ ಆಡಿ ಮುಗಿಸಿ. ಚೌಡಿ, ಬೆಲ್ಲ ಎಲ್ಲ ಇನ್ನು ನಿಮ್ಮವು. ನನಗೆ ಬೇಡ, ಸೆಕೆಂಡ್ ಪಿಯು ಅಲ್ಲವಾ. ಬೆಲ್ಲನನ್ನು ಮಾತ್ರ ಯಾರಿಗೂ ಮಾರಬೇಡಿ.

ನಿಮ್ಮ
ನಂದಿತಾ


22-6-2025, ಭಾನುವಾರ ಮಧ್ಯಾಹ್ನ

ಮಾವ,

ಈ ಕಾಗದವನ್ನು ನಿಮಗೆ ಕಳಿಸುವುದಿಲ್ಲ. ಫಿಸಿಕ್ಸ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುತ್ತಿದ್ದೇನೆ. ವಾರ್ಡನ್ ಮೇಡಂ ನೋಟ್‌ಬುಕ್ ಓದುವುದಿಲ್ಲ.

ಸೆಕೆಂಡ್ ಪಿಯು ಎಂದು ಬರೆದದ್ದು ಸುಳ್ಳು. ಆ ಗೇಮ್ ಶುರುವಾಗುವಾಗ ಕಹಳೆ ಊದುತ್ತದಲ್ಲ, ಅದು ಕೇಳಿದ ಕೂಡಲೇ ಟಿವಿ ಆರಿಸಿಬಿಡುತ್ತೇನೆ. ಹೋದ ವರ್ಷ ಅದೇ ಕಹಳೆಯನ್ನು ನಿಮ್ಮ ಫೋನಿನಲ್ಲಿ ನನ್ನ ನಂಬರಿಗೆ ಹಾಕಿಕೊಟ್ಟಿದ್ದೆ. ನಂದಿತಾ ಫೋನ್ ಮಾಡಿದರೆ ಮಾತ್ರ ಕಹಳೆ.

ಮೇ ಏಳನೇ ತಾರೀಖು ಎಕ್ಸ್‌ಪಾನ್ಷನ್ ಬಿಡುಗಡೆಯಾಯಿತು. ನಿಮ್ಮ ಕಾರ್ಡಿನಲ್ಲಿ ಕೊಡಿಸಿ ಎಂದು ಕೇಳುವುದಕ್ಕೆ ಗುಬ್ಬಿಯ ನಮ್ಮ ಮನೆಯಿಂದ ಫೋನ್ ಮಾಡಿದೆ. ಹನ್ನೊಂದು ನಲವತ್ತಕ್ಕೆ ಮೊದಲ ಸಲ. ಎತ್ತಲಿಲ್ಲ. ಮತ್ತೆ ಮಾಡಿದೆ. ಒಟ್ಟು ನಾಲ್ಕು ಸಲ. ಸಿಟ್ಟು ಬೇರೆ ಬಂದಿತ್ತು ನನಗೆ.

ಸಂಜೆ ಆಸ್ಪತ್ರೆಯಲ್ಲಿ ನೀವು ಅಮ್ಮನಿಗೆ ಹೇಳಿದ್ದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. "ನಾಲೆ ಏರಿ ಮೇಲಿದ್ದೆ ಕಣಕ್ಕ. ಫೋನ್ ಬಂತು, ತೆಗೆಯಕ್ಕೆ ಹೋದೆ, ಜಾರ್ದೆ." ಯಾರ ಫೋನ್ ಎಂದು ಅಮ್ಮ ಕೇಳಲಿಲ್ಲ. ನೀವೂ ಹೇಳಲಿಲ್ಲ. ಆಮೇಲೆ ನನ್ನ ತಲೆ ಸವರಿ, ಅದೇನೋ ಹೊಸ ಗೇಮ್ ಬಂತಂತಲ್ಲ, ಕೊಡಿಸುತ್ತೇನೆ ಎಂದಿರಿ. ಮಾರನೇ ವಾರ ಮಲಗಿದಲ್ಲಿಂದಲೇ ಕೊಡಿಸಿಯೂ ಬಿಟ್ಟಿರಿ. ಬೈದಿದ್ದರೆ ಚೆನ್ನಾಗಿತ್ತು ಮಾವ.

ಒಂದು ಗೇಮಿಗೋಸ್ಕರ ನಿಮ್ಮ ಕಾಲು ಮುರಿದೆ. ಇದನ್ನು ಹೇಳಿಕೊಳ್ಳುವುದಕ್ಕೆ ಈ ಹಾಳೆ ಬಿಟ್ಟು ನನಗೆ ಯಾರೂ ಇಲ್ಲ.


ಕುಣಿಗಲ್
29-6-2025

ಚಿ. ನಂದಿತಾಳಿಗೆ ಮಾವನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ವಾರ್ಡನ್ ಮೇಡಂ ಅವರಿಗೂ ನಮಸ್ಕಾರ, ಹೇಗೂ ಓದುತ್ತಿರುತ್ತಾರಲ್ಲ. ಕಾಲು ಚೆನ್ನಾಗಿದೆ. ಕಾಲಿನ ವಿಷಯ ಇಲ್ಲಿಗೆ ಮುಕ್ತಾಯ.

ಇನ್ನು ಸ್ಥಳ ಪರಿಶೀಲನೆಯ ವರದಿ. ಮೊದಲ ದಿನ ಚೌಡಿ ಬಂದರಿನಲ್ಲಿ ಮುಕ್ಕಾಲು ಗಂಟೆ ಆಕಾಶ ನೋಡುತ್ತಾ ನಿಂತಿದ್ದಳು. ಕೈಯಲ್ಲಿ ಹಿಡಿಯುವ ರಿಮೋಟಿನ ಎಡಗಡೆಯ ಕಡ್ಡಿ ನಡೆಯುವುದಕ್ಕೆ, ಬಲಗಡೆಯದು ನೋಡುವುದಕ್ಕೆ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಎರಡು ಸಲ ಸಮುದ್ರಕ್ಕೆ ಬಿದ್ದಳು. ನಿಮ್ಮತ್ತೆ ಅಡುಗೆಮನೆಯಿಂದ ಬಂದು, "ಏನ್ರೀ, ಆ ಹುಡ್ಗೀಗೆ ಈಜು ಕಲಿಸ್ತಾ ಇದೀರಾ?" ಎಂದಳು. ಈಗ ಪರವಾಗಿಲ್ಲ, ನಡೆಯುತ್ತಾಳೆ. ಚೆನ್ನಾಗಿ ನಡೆಯುತ್ತಾಳೆ. ಬೆಳಿಗ್ಗೆ ತಿಂಡಿ ಆದ ಮೇಲೆ ಶುರು ಮಾಡಿದರೆ ಊಟದ ಹೊತ್ತಿಗೆ ಮೂರು ಗುಡ್ಡ ಹತ್ತಿ ಇಳಿದಿರುತ್ತಾಳೆ, ಒಂದು ಸಲ ಕೂಡ ಉಸ್ ಎನ್ನುವುದಿಲ್ಲ.

ಕುಣಿಗಲ್‌ನಲ್ಲಿ ಹುಟ್ಟಿದವನು ಕುದುರೆಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ಬೆಲ್ಲನ ಹಿಂಗಾಲು ಉದ್ದವಾಯಿತು. ನಮ್ಮ ಕುದುರೆ ಫಾರಂನವರು ನೋಡಿದರೆ ನಗುತ್ತಾರೆ. ಆದರೆ ಕರೆದ ಕೂಡಲೇ ಬರುತ್ತಾನೆ. ನಮ್ಮ ಆಫೀಸಿನಲ್ಲಿ ಹಾಗೆ ಬರುವವನು ನನ್ನ ಜೊತೆ ಅಳತೆಯ ಸರಪಳಿ ಹಿಡಿಯುವ ಪುಟ್ಟರಂಗಯ್ಯ ಒಬ್ಬನೇ.

ಉಪ್ಪಿನ ಕಣಿವೆಗೆ ಒಂದು ನಕ್ಷೆ ಕೊಟ್ಟಿದ್ದಾರಲ್ಲ, ಅದು ಶುದ್ಧ ತಪ್ಪು. ದೋಣಿಕಟ್ಟೆಯಿಂದ ಗಾಳಿಗಿರಣಿಗೆ ಆರುನೂರ ನಲವತ್ತು ಹೆಜ್ಜೆ, ಗಿರಣಿಯಿಂದ ಉಪ್ಪಿನ ಮಡಿಗಳಿಗೆ ನಾನೂರ ಹತ್ತು. ನಾನೇ ಎಣಿಸಿದೆ. ನಕ್ಷೆಯಲ್ಲಿ ಎರಡೂ ಒಂದೇ ಉದ್ದ! ಕುರ್ಚಿಯಲ್ಲಿ ಕೂತು ಎಳೆದವರ ಕೆಲಸ. ನಾನು ಗ್ರಾಫ್ ಹಾಳೆ ತರಿಸಿಕೊಂಡು ಮೊದಲಿನಿಂದ ಅಳೆಯುತ್ತಿದ್ದೇನೆ.

ಅಲ್ಲಿ ಇಬ್ಬರು ರೈತರು ಒಂದು ಬದುವಿಗಾಗಿ ಜಗಳವಾಡುತ್ತಾರೆ. ಒಬ್ಬನ ಪರ ನಿಲ್ಲು, ಇಲ್ಲವೇ ಇನ್ನೊಬ್ಬನ ಪರ ನಿಲ್ಲು ಎಂದು ಆಟ ಕೇಳುತ್ತದೆ. ಅಳೆದು ನೋಡೋಣ ಎನ್ನುವ ಮೂರನೇ ದಾರಿಯೇ ಇಲ್ಲ! ಇಬ್ಬರನ್ನೂ ಹಾಗೇ ಬಿಟ್ಟು ಬಂದೆ, ಇನ್ನೂ ಕೂಗಾಡುತ್ತಿರಬೇಕು. ಸೇತುವೆಯ ಹತ್ತಿರ ದಾರಿಗೆ ಅಡ್ಡ ನಿಂತ ಮೂವರನ್ನು ಮಾತ್ರ ಹೊಡೆದು ಹಾಕಿ ಹೊಳೆಗೆ ತಳ್ಳಬೇಕಾಯಿತು.

ಇಷ್ಟು ದಿನ ಕಾದದ್ದನ್ನು ಓದಿಗೋಸ್ಕರ ಬಿಟ್ಟುಕೊಟ್ಟೆಯಲ್ಲ, ದೊಡ್ಡವಳಾಗಿಬಿಟ್ಟೆ ಎಂದು ನಿಮ್ಮತ್ತೆಗೆ ಹೇಳಿ ಬೀಗಿದೆ.

ನಿನ್ನ ಮಾವ
ರೇಣುಕಾಪ್ರಸಾದ್


ತುಮಕೂರು
13-7-2025, ಭಾನುವಾರ

ಪ್ರೀತಿಯ ಮಾವನಿಗೆ,

ನಿಮ್ಮ ಕಾಗದದಿಂದ ನನ್ನ ಮಾನ ಹೋಗುವುದರಲ್ಲಿತ್ತು. ಮೂವರನ್ನು ಹೊಡೆದು ಹೊಳೆಗೆ ತಳ್ಳಿದೆ ಎಂದು ಹಾಗೆ ಒಂದೇ ಉಸಿರಿಗೆ ಬರೆಯುವುದಾ? ವಾರ್ಡನ್ ಮೇಡಂ ನನ್ನನ್ನು ಪ್ರಾರ್ಥನೆಯ ಮಧ್ಯದಲ್ಲೇ ಕರೆಸಿದರು. "ಈ ಚೌಡಿ ಯಾರವ್ವ? ನಿಮ್ಮಾವ ಸರ್ಕಾರಿ ನೌಕರ ಅಂತೀಯ, ಇದೇನಿದು?" ಎಂದರು. ಅರ್ಧ ಗಂಟೆ ಕೂತು ಎಲ್ಲ ವಿವರಿಸಿದೆ. ಟಿವಿಯೊಳಗಿನ ಹೊಳೆ, ಟಿವಿಯೊಳಗಿನ ಸೇತುವೆ ಎಂದು ಗೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ಎರಡು ದಿನ ಬಿಟ್ಟು ಊಟದ ಸಾಲಿನಲ್ಲಿ ಮುದ್ದೆ ಬಡಿಸುತ್ತಾ ನನ್ನ ಕಿವಿಯ ಹತ್ತಿರ ಬಂದು, "ಆ ದೊರೆ ಸಿಕ್ಕಿದ್ನಂತಾ?" ಎಂದು ಕೇಳಿದರು. ಆದ್ದರಿಂದ ಮಾವ, ಹೆಜ್ಜೆ ಎಣಿಸುವುದನ್ನು ಬಿಟ್ಟು ದೊರೆಯನ್ನು ಹುಡುಕಿ. ಇಲ್ಲಿ ಕಾಯುವವರಿದ್ದಾರೆ.

ಇವತ್ತು ಭೇಟಿಯ ಭಾನುವಾರ, ಅಮ್ಮ ಬಂದಿದ್ದಳು. ಫಿಸಿಯೋದವರು ವಾರಕ್ಕೆ ಮೂರು ಸಲ ನಿಮ್ಮ ಮನೆಗೆ ಬರುತ್ತಾರೆ, ನೀವು ನೋವು ನೋವು ಎಂದು ಹೇಳಿ ವಾಪಸ್ ಕಳಿಸುತ್ತೀರಿ ಎಂದಳು. ವಾಕರ್ ಮಂಚದ ಪಕ್ಕ ಇಟ್ಟರೆ ಅದರ ಮೇಲೆ ಟವೆಲ್ ಒಣಗಿಸುತ್ತೀರಂತೆ. ಇಷ್ಟು ಹೊತ್ತಿಗೆ ಕೋಲು ಹಿಡಿದು ಓಡಾಡಬೇಕಿತ್ತು ಎಂದು ಡಾಕ್ಟರು ಬೈದರಂತೆ. "ಹೆದ್ರಿಕೊಂಡವ್ನೆ ಕಣೇ ನಿಮ್ಮಾವ" ಎಂದು ಅಮ್ಮ ಹೇಳಿದಳು. ನಿಮಗೆ ಹೆದರಿಕೆ ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಬಹಳ ನೋವಿದೆಯಾ ಮಾವ? ಕಾಲಿನ ವಿಷಯ ಮುಕ್ತಾಯ ಎಂದು ಬರೆಯಬೇಡಿ. ನನಗೆ ಗೊತ್ತಾಗಲೇಬೇಕು.

ನಂದಿತಾ


ಕುಣಿಗಲ್
27-7-2025

ಚಿ. ನಂದಿತಾಳಿಗೆ,

ಆಶೀರ್ವಾದ. ಮೇಡಂ ಅವರಲ್ಲಿ ಕ್ಷಮೆ ಕೋರಿದ್ದೇನೆಂದು ತಿಳಿಸು. ಸೇತುವೆಯವರಲ್ಲಿ ಒಬ್ಬ ಮಾರನೇ ದಿನ ಅದೇ ಜಾಗದಲ್ಲಿ ಬದುಕಿ ನಿಂತಿದ್ದ, ಅದನ್ನೂ ತಿಳಿಸು. ದೊರೆ ಇನ್ನೂ ಸಿಕ್ಕಿಲ್ಲ. ಕಣಿವೆಯ ಉತ್ತರದಲ್ಲಿ ಒಂದು ಬಂಡೆಯ ತುದಿಯಿದೆ, ಅದರ ಆಚೆ ಇದ್ದಾನಂತೆ. ಆ ಬಂಡೆಯ ಹತ್ತಿರವೇ ನಾನು ಸಿಕ್ಕಿಹಾಕಿಕೊಂಡಿದ್ದೇನೆ.

ಅಲ್ಲಿ ಸಾಲಾಗಿ ಮೂರು ಕಲ್ಲುಗಳಿವೆ. ನೋಡಿದರೆ ನಮ್ಮ ಬಾಂದು ಕಲ್ಲಿನ ಹಾಗೇ, ಗಡಿ ತೋರಿಸಲು ನೆಟ್ಟದ್ದು. ಮೂರೂ ಒಂದೇ ಗೆರೆಯಲ್ಲಿವೆಯಾ ಎಂದು ನೋಡದೆ ನನ್ನ ಕೈಲಿ ಮುಂದಕ್ಕೆ ಹೋಗಲು ಆಗುವುದಿಲ್ಲ. ಗೆರೆ ನೋಡಬೇಕೆಂದರೆ ದೂರ ಸರಿಯಬೇಕು. ಸರಿದೆ. ಚೌಡಿ ಪ್ರಪಾತಕ್ಕೆ ಬಿದ್ದಳು. ಮತ್ತೆ ಅಲ್ಲೇ ಎದ್ದು ಬಂದು, ಮತ್ತೆ ನೋಡಿ, ಮತ್ತೆ ಬಿದ್ದಳು. ಹನ್ನೊಂದು ಸಲ. ಬೆಲ್ಲ ಮೇಲೆ ನಿಂತು ಹುಲ್ಲು ಮೇಯುತ್ತಾನೆ, ಒಂದು ಸಲವೂ ತಿರುಗಿ ನೋಡುವುದಿಲ್ಲ. "ಬೆನ್ನು ಮಾಡ್ಕೊಂಡು ಪ್ರಪಾತಕ್ಕೆ ಹೋಗ್ತೀರಲ್ರೀ, ಹಿಂದೆ ಏನಿದೆ ಅಂತ ನೋಡ್ಬಾರ್ದಾ?" ಎಂದು ನಿಮ್ಮತ್ತೆ ಕೇಳಿದಳು. ನಾನು ಟಿವಿ ಆರಿಸಿ ಮಲಗಿಬಿಟ್ಟೆ.

ಕಾಲಿನ ವಿಷಯ ಕೇಳಿದ್ದೀಯ. ಬಿದ್ದವರು ಏಳುವುದು ಆಟದಲ್ಲಿ ಸುಲಭ. ನನಗೆ ನೋವು ಅಷ್ಟೇನಿಲ್ಲ ನಂದೂ. ಆದರೆ ನಿಂತರೆ ಸಾಕು, ಹಿಂದೆ ನೆಲ ಇಲ್ಲ ಎಂದು ಅನಿಸುತ್ತದೆ. ಮನೆಯ ಹಾಲಿನಲ್ಲಿ, ಗೋಡೆಯ ಪಕ್ಕ ನಿಂತಾಗಲೂ ಹಾಗೇ. ಇದನ್ನು ಡಾಕ್ಟರಿಗೆ ಹೇಳಿದರೆ ನಗುತ್ತಾರೆ.

ಆಫೀಸಿನಿಂದ ಒಂದು ಕಾಗದ ಬಂದಿದೆ. ಫೀಲ್ಡಿಗೆ ಹೋಗಲು ಆಗದಿದ್ದರೆ ರೆಕಾರ್ಡ್ ರೂಮಿಗೆ ಹಾಕುತ್ತೇವೆ, ಒಪ್ಪಿಗೆ ಎಂದು ಸಹಿ ಮಾಡಿ ಕೊಡಿ ಎಂದಿದ್ದಾರೆ. ಹಳೆಯ ನಕ್ಷೆಗಳ ಕೋಣೆ. ನೆರಳು, ಫ್ಯಾನು, ಕುರ್ಚಿ, ಯಾವ ಏರಿಯೂ ಇಲ್ಲ. ಆಗಸ್ಟ್ ಹನ್ನೊಂದಕ್ಕೆ ಸಹಿ ಹಾಕಿ ಕಳಿಸಿಬಿಡೋಣ ಎಂದುಕೊಂಡಿದ್ದೇನೆ. ಒಂದು ಸಲ ಹಾಕಿದರೆ ಮತ್ತೆ ಹೊರಗೆ ಬಿಡುವುದಿಲ್ಲ, ನಿವೃತ್ತಿಯವರೆಗೂ ಅಲ್ಲೇ. ಇರಲಿ ಬಿಡು. ಕುರ್ಚಿಯಲ್ಲಿ ಕೂತು ನಕ್ಷೆ ಎಳೆಯುವವರನ್ನು ಬೈದೆನಲ್ಲ, ಈಗ ಅವರ ಸಾಲಿಗೇ ಸೇರುತ್ತೇನೆ.

ಮಾವ


ತುಮಕೂರು
3-8-2025, ಭಾನುವಾರ

ಮಾವ,

ಸಹಿ ಹಾಕಬೇಡಿ. ಮೊದಲು ಇದನ್ನು ಓದಿ.

ಇದನ್ನು ಜೂನಿನಲ್ಲೇ ಬರೆದಿದ್ದೆ. ನೋಟ್‌ಬುಕ್ಕಿನಿಂದ ಆ ಹಾಳೆ ಹರಿದು ಇದರ ಜೊತೆಯಲ್ಲೇ ಇಟ್ಟಿದ್ದೇನೆ. ಓದಿದ ಮೇಲೆ ನೀವು ಏನು ಬೇಕಾದರೂ ಅನ್ನಿ. ನಿಮ್ಮ ಕಾಲು ಮುರಿದದ್ದು ನನ್ನಿಂದ. ಅದೊಂದೇ ಅಲ್ಲ, ಈಗ ನಿಮ್ಮ ಹೊಲ, ಬದು, ಸರಪಳಿ ಎಲ್ಲ ಹೋಗುತ್ತಿರುವುದೂ ನನ್ನಿಂದ. ನೀವು ಯಾರಿಗೂ ನನ್ನ ಹೆಸರು ಹೇಳಲಿಲ್ಲ. ಮೂರು ತಿಂಗಳಿಂದ ಅದನ್ನು ನೆನೆಸಿಕೊಂಡೇ ತಟ್ಟೆಯ ಮುಂದೆ ಕೂರುತ್ತೇನೆ, ಎದ್ದು ಬರುತ್ತೇನೆ. ಓದು ತಲೆಗೆ ಹತ್ತುವುದಿಲ್ಲ. ಹೋದ ಟೆಸ್ಟಿನಲ್ಲಿ ಎರಡು ವಿಷಯ ಹೋಗಿವೆ, ಅಮ್ಮನಿಗೆ ಹೇಳಿಲ್ಲ.

ಅವತ್ತು ನಾನು ನಾಲ್ಕು ಸಲ ಫೋನ್ ಮಾಡದೆ ಇದ್ದಿದ್ದರೆ ನೀವು ಈಗ ಎಲ್ಲಾದರೂ ತೋಟದಲ್ಲಿ ನಿಂತು ಯಾರನ್ನಾದರೂ ಬೈಯುತ್ತಿದ್ದಿರಿ.

ಇನ್ನೊಂದು ಮಾತು. ಈ ಗೇಮಿನಲ್ಲಿ ಎಲ್ಲರೂ ಮುಂದಕ್ಕೆ ಹಾರಿ ಬೀಳುತ್ತಾರೆ. ಹಿಂದಕ್ಕೆ ನಡೆದು ಬಿದ್ದವರನ್ನು ನಾನು ನೋಡಿಯೇ ಇಲ್ಲ. ನೀವು ಯಾಕೆ ಮಾವ ಹಿಂದಕ್ಕೆ ನಡೆಯುತ್ತೀರಿ?

ನಂದಿತಾ


ಕುಣಿಗಲ್
7-8-2025, ಗುರುವಾರ ಬೆಳಿಗ್ಗೆ

ನಂದೂ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಪುಟ್ಟರಂಗಯ್ಯ ಈಗಲೇ ತುಮಕೂರು ಬಸ್ಸು ಹತ್ತಿ ತಂದುಕೊಡುತ್ತಾನೆ. ಮೇಡಂ, ದಯವಿಟ್ಟು ಸಂಜೆಯವರೆಗೆ ಇಟ್ಟುಕೊಳ್ಳಬೇಡಿ. ಓದಿದ ಕೂಡಲೇ ಅವಳಿಗೆ ಕೊಡಿ.

ನೀನು ಹೇಳಿದ ಹಾಗೆ ಸಹಿ ಹಾಕಿಲ್ಲ. ಈಗ ಮುಖ್ಯವಾದದ್ದು. ನಿನ್ನ ಫೋನಿನಿಂದ ನಾನು ಬೀಳಲಿಲ್ಲ. ನಿನ್ನ ಫೋನು ಬರುವ ಹೊತ್ತಿಗೆ ನಾನು ಬಿದ್ದು ಇಪ್ಪತ್ತು ನಿಮಿಷ ಆಗಿತ್ತು.

ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದು ನೀನು ಅಂದುಕೊಳ್ಳುತ್ತೀಯ, ನನಗೆ ಗೊತ್ತು. ಅದಕ್ಕೇ ನನ್ನ ಫೀಲ್ಡ್ ಪುಸ್ತಕದ ಹಾಳೆಯ ನಕಲು ಇಟ್ಟಿದ್ದೇನೆ. ಪ್ರತಿ ಅಳತೆಯ ಮುಂದೆ ಹೊತ್ತು ಬರೆಯುವುದು ನನ್ನ ಅಭ್ಯಾಸ. ಮೇ ಏಳರ ಕೊನೆಯ ಸಾಲು ನೋಡು, ಹನ್ನೊಂದು ಹದಿನೆಂಟು. ಮುಂದಿನ ಅಳತೆಗೆ ಎರಡು ನಿಮಿಷ ಸಾಕು, ಆದರೆ ಕೆಳಗೆ ಖಾಲಿ. ನಿನ್ನ ಮೊದಲ ಕರೆ ಹನ್ನೊಂದು ನಲವತ್ತಕ್ಕೆ ಎಂದು ನೀನೇ ಬರೆದಿದ್ದೀಯ.

ಈಗ ನಾನು ಯಾರಿಗೂ ಹೇಳದ್ದನ್ನು ಬರೆಯುತ್ತೇನೆ. ಮಾರ್ಕೋನಹಳ್ಳಿ ನಾಲೆಯ ಏರಿಯ ಮೇಲೆ ನಿಂತು ಮೂರು ಬಾಂದು ಕಲ್ಲು ಗೆರೆಗೆ ಬರುತ್ತವೆಯಾ ಎಂದು ಕಣ್ಣಳತೆಯಲ್ಲಿ ನೋಡುತ್ತಿದ್ದೆ. ನಡುವಿನದು ಸ್ವಲ್ಪ ಸರಿದ ಹಾಗೆ ಕಂಡಿತು. ಇನ್ನೂ ಚೆನ್ನಾಗಿ ಕಾಣಲಿ ಎಂದು ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ಇನ್ನೊಂದು ಇಟ್ಟೆ. ಮೂರನೆಯದಕ್ಕೆ ನೆಲ ಇರಲಿಲ್ಲ.

ಕೆಲಸ ಕಲಿಯಲು ಬರುವ ಪ್ರತಿಯೊಬ್ಬರಿಗೂ ನಾನು ಮೊದಲ ದಿನ ಹೇಳುವ ಮಾತು ಒಂದೇ. "ಹಿಂದಕ್ಕೆ ಹೆಜ್ಜೆ ಇಡ್ಬೇಡ್ರಪ್ಪ. ದೂರ ಹೋಗ್ಬೇಕಾ, ತಿರುಗಿ, ನೆಲ ನೋಡ್ಕೊಂಡು ನಡೀರಿ." ಇಪ್ಪತ್ತಮೂರು ವರ್ಷದಿಂದ ಹೇಳುತ್ತಿದ್ದೇನೆ. ಹಿಂದಕ್ಕೆ ಸರಿದ ಹುಡುಗರನ್ನು ಎಲ್ಲರೆದುರು ನಿಲ್ಲಿಸಿ ಮಾನ ಕಳೆದಿದ್ದೇನೆ. ಅದೇ ತಪ್ಪು ಮಾಡಿ ಬಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ? ಆಸ್ಪತ್ರೆಯಲ್ಲಿ ಆಫೀಸಿನವರೆಲ್ಲ ಸುತ್ತ ನಿಂತು ಹೇಗಾಯಿತು ಎಂದು ಕೇಳಿದರು. ಫೋನ್ ಬಂತು ಎಂದುಬಿಟ್ಟೆ. ಅದನ್ನೇ ಅಕ್ಕನಿಗೂ ಹೇಳಿದೆ. ನಿನ್ನ ಹೆಸರು ಹೇಳಲಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡೆ. ಫೋನ್ ಮಾಡಿದವಳಿಗೆ ತಾನು ಮಾಡಿದ್ದು ಗೊತ್ತಿರುತ್ತದೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಇನ್ನೂ ಇದೆ, ಓದು. ಬಿದ್ದವನಿಗೆ ಉಸಿರು ಕಟ್ಟಿ ಧ್ವನಿ ಹೊರಡಲಿಲ್ಲ. ಕಾಲಿನಿಂದ ರಕ್ತ ಹೋಗುತ್ತಿತ್ತು. ಫೋನು ಜೇಬಿನಿಂದ ಹಾರಿ ಮುಳ್ಳುಪೊದೆಯಲ್ಲಿ ಬಿದ್ದಿತ್ತು, ಕೈಗೆ ಎಟುಕಲಿಲ್ಲ. ಪುಟ್ಟರಂಗಯ್ಯ ಆ ಕಡೆಯ ತಿರುವಿನಲ್ಲಿ ಕಲ್ಲಿನ ಬುಡ ಬಿಡಿಸುತ್ತಿದ್ದ. ಸಾಹೇಬರು ಎಲ್ಲೋ ನೆರಳಿಗೆ ಹೋಗಿದ್ದಾರೆ ಎಂದುಕೊಂಡು ಬೀಡಿ ಹಚ್ಚಿ ಕೂತಿದ್ದಾನೆ. ಆಗ ನಿನ್ನ ಕಹಳೆ ಊದಿತು ನಂದೂ. ಒಂದು ಸಲ ಊದಿ ನಿಂತಿತು. ದೇವರೇ ಇನ್ನೊಂದು ಸಲ ಮಾಡಲಿ ಎಂದು ಬೇಡಿಕೊಂಡೆ. ಮಾಡಿದೆ. ಮೂರನೆಯದಕ್ಕೆ ಪುಟ್ಟರಂಗಯ್ಯ ಎದ್ದು ಏರಿ ಹತ್ತಿದ. ನಾಲ್ಕನೆಯದು ಊದುತ್ತಿದ್ದಾಗ ಪೊದೆ ಸರಿಸಿ ಬಗ್ಗಿ ನೋಡಿದ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಾಲು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅವತ್ತೇ ಹೇಳಿದರು.

ನನ್ನ ಕಾಲು ಉಳಿಸಿದವಳು ನೀನು. ಅದನ್ನು ಹೇಳಿದರೆ ಹಿಂದಕ್ಕೆ ನಡೆದದ್ದನ್ನೂ ಹೇಳಬೇಕಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಪುಟ್ಟರಂಗಯ್ಯನ ಬಾಯಿಯನ್ನೂ ಮುಚ್ಚಿಸಿದೆ. ನನ್ನ ಮರ್ಯಾದೆ ಉಳಿಯಲಿ ಎಂದು ನಿನ್ನನ್ನು ಮೂರು ತಿಂಗಳು ಹೀಗೆ ಬೇಯಿಸಿದೆ. ನನ್ನನ್ನು ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ನಿಮ್ಮತ್ತೆಗೆ ನಿನ್ನ ಕಾಗದ ಓದಿ ಹೇಳಿದೆ, ನನ್ನ ಕಥೆಯನ್ನೂ ಹೇಳಿದೆ. ಅವಳು ಅಳುತ್ತಾ ವಾಕರ್ ಮೇಲಿನ ಟವೆಲ್ ತೆಗೆದು ನನ್ನ ಮುಖಕ್ಕೆ ಎಸೆದಳು.

ಮಾವ


ತುಮಕೂರು
10-8-2025, ಭಾನುವಾರ

ಮಾವ,

ಪುಟ್ಟರಂಗಯ್ಯನವರು ಗೇಟಿನ ಹತ್ತಿರ ಬಂದಾಗ ನಮಗೆ ಕೆಮಿಸ್ಟ್ರಿ ನಡೆಯುತ್ತಿತ್ತು. ಮೇಡಂ ಕಾಗದ ಓದಿ, ತಾವೇ ಕ್ಲಾಸಿನ ಬಾಗಿಲಿಗೆ ಬಂದು ನನ್ನನ್ನು ಕರೆದರು. ಅವರ ಕಣ್ಣು ಕೆಂಪಗಿತ್ತು. ಯಾರೋ ಹೋಗಿಬಿಟ್ಟರು ಎಂದುಕೊಂಡೆ. "ಓದವ್ವ, ಒಳ್ಳೇದೇ ಇದೆ" ಎಂದು ಬೆಂಚಿನ ಮೇಲೆ ಕೂರಿಸಿದರು.

ಎರಡು ಸಲ ಓದಿದೆ. ಆಮೇಲೆ ಗೇಟಿಗೆ ಓಡಿಹೋಗಿ ಪುಟ್ಟರಂಗಯ್ಯನವರನ್ನು ನಿಜವಾ ಎಂದು ಕೇಳಿದೆ. "ನಿಜ ಕಣವ್ವ. ಆ ಕೊಂಬು ಊದ್ನಿಲ್ಲ ಅಂದಿದ್ರೆ ನಾ ಇನ್ನೊಂದು ಬೀಡಿ ಹಚ್ತಿದ್ದೆ" ಎಂದರು. ಅಲ್ಲೇ ಗೇಟಿನ ಕಂಬಿ ಹಿಡಿದುಕೊಂಡು ಜೋರಾಗಿ ಅತ್ತೆ. ಎಷ್ಟು ಹಗುರವಾಯಿತು ಎಂದು ಹೇಳಲು ಬರುವುದಿಲ್ಲ. ಅವತ್ತು ಮಧ್ಯಾಹ್ನ ಎರಡು ಮುದ್ದೆ ತಿಂದು ಮೂರನೆಯದಕ್ಕೆ ಕೈ ಚಾಚಿದೆ. ಮೇಡಂ ಬಡಿಸಿದರು.

ಸಿಟ್ಟೂ ಬಂದಿದೆ ಮಾವ, ಸುಳ್ಳು ಹೇಳುವುದಿಲ್ಲ. ಮೂರು ತಿಂಗಳು! ನೀವು ಹಿಂದಕ್ಕೆ ನಡೆದು ಬಿದ್ದಿರಿ ಎಂದಿದ್ದರೆ ನಾವು ಒಂದು ವಾರ ನಗುತ್ತಿದ್ದೆವು, ಆಮೇಲೆ ಮರೆಯುತ್ತಿದ್ದೆವು. ಅಷ್ಟೇ ತಾನೇ ಆಗುತ್ತಿದ್ದದ್ದು?

ಕ್ಷಮಿಸಿದ್ದೇನೆ, ಆದರೆ ಶಿಕ್ಷೆ ಇದೆ. ಚೌಡಿ ಒಂದು ಗಂಟೆ ನಡೆದರೆ ನೀವು ಅರ್ಧ ಗಂಟೆ ನಡೆಯಬೇಕು. ಫಿಸಿಯೋದವರ ಸಹಿ ಹಾಕಿಸಿ ಕಳಿಸಬೇಕು. ರೆಕಾರ್ಡ್ ರೂಮಿನ ಕಾಗದಕ್ಕೆ ಮಾತ್ರ ಸಹಿ ಹಾಕುವ ಹಾಗಿಲ್ಲ. ಕೊನೆಯ ಬಾಗಿಲನ್ನು ತೆರೆಯಕೂಡದು. ಅದು ನನ್ನದು. ನನಗೆ ಆಡಬೇಕು ಮಾವ. ಈಗ ನಿಜವಾಗಿ ಆಡಬೇಕು ಎನಿಸುತ್ತಿದೆ.

ಇವತ್ತು ಅಮ್ಮ ಬಂದಾಗ ಎರಡು ವಿಷಯ ಹೋದದ್ದನ್ನೂ ಹೇಳಿಬಿಟ್ಟೆ. ಬೈದಳು. ಬೈಸಿಕೊಳ್ಳುವಾಗಲೂ ಖುಷಿಯಾಗಿಯೇ ಇತ್ತು.

ನಿಮ್ಮ
ನಂದೂ


ಕುಣಿಗಲ್
21-9-2025

ಚಿ. ನಂದೂಗೆ,

ಶಿಕ್ಷೆಯ ಕಾಗದಗಳು ಇದರೊಂದಿಗಿವೆ, ಆರು ವಾರದ್ದು, ಎಲ್ಲಕ್ಕೂ ಸಹಿ ಇದೆ. ಮೊದಲ ವಾರ ಹಾಲಿನಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ. ಎರಡನೇ ವಾರ ಬೀದಿಯ ಕೊನೆಯವರೆಗೆ. ಹೋದ ಶುಕ್ರವಾರ ಕೋಲು ಹಿಡಿದು ನಮ್ಮ ದೊಡ್ಡ ಕೆರೆಯ ಏರಿ ಹತ್ತಿದೆ. ನಿಮ್ಮತ್ತೆ ಹಿಂದೆ ನಿಂತಿದ್ದಳು. ಬೆನ್ನ ಹಿಂದೆ ನೆಲ ಇಲ್ಲ ಎನಿಸಿದಾಗಲೆಲ್ಲ ತಿರುಗಿ ನೋಡಿದೆ. ನೆಲವೂ ಇತ್ತು, ಅವಳೂ ಇದ್ದಳು. ನೀರು ನೋಡುತ್ತಾ ತುಂಬ ಹೊತ್ತು ನಿಂತೆವು.

ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನಿಜ ಹೇಳಿದೆ. ಹೊಸ ಹುಡುಗರು ಮೊದಲು ನಗು ತಡೆದುಕೊಂಡರು, ಆಮೇಲೆ ತಡೆಯಲಿಲ್ಲ. ನಾನೂ ನಕ್ಕೆ. ನಾನು ಹೆದರಿದ್ದು ಇಷ್ಟಕ್ಕೇನಾ ಎನಿಸಿತು. ರೆಕಾರ್ಡ್ ರೂಮಿಗೆ ಬೇಡ, ಫೀಲ್ಡಿಗೇ ಬರುತ್ತೇನೆ ಎಂದು ಬರೆದುಕೊಟ್ಟಿದ್ದೇನೆ. ಅಕ್ಟೋಬರ್ ಮೊದಲಿನಿಂದ ಸಣ್ಣ ಪುಟ್ಟ ಅಳತೆಗೆ ಹೋಗಬಹುದು ಎಂದು ಡಾಕ್ಟರು ಒಪ್ಪಿದ್ದಾರೆ.

ಮೇಡಂ ಅವರಿಗೆ ಹೇಳು, ದೊರೆ ಸಿಕ್ಕಿದ. ಕಾಣೆಯಾಗಿರಲಿಲ್ಲ, ನಾಚಿಕೆಗೆ ಬಚ್ಚಿಟ್ಟುಕೊಂಡಿದ್ದ. ತಾನೇ ಅಣೆಕಟ್ಟಿನ ತೂಬು ಮುರಿದು, ತಪ್ಪನ್ನು ಶತ್ರುಗಳ ಮೇಲೆ ಹಾಕಿ ಓಡಿಹೋಗಿದ್ದನಂತೆ. ಇದನ್ನು ನೋಡುವಾಗ ನಿಮ್ಮತ್ತೆ ಟಿವಿ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಗೇಮ್ ಬಾಕ್ಸನ್ನು ಗುಬ್ಬಿಗೆ ಕಳಿಸಿದ್ದೇನೆ. ಚೌಡಿಯನ್ನು ಕೊನೆಯ ಬಾಗಿಲ ಮುಂದೆ, ಮುಖ ಬಾಗಿಲ ಕಡೆಗೆ ಮಾಡಿ ನಿಲ್ಲಿಸಿದ್ದೇನೆ. ಬೆಲ್ಲ ಪಕ್ಕದಲ್ಲಿದ್ದಾನೆ. ಜೊತೆಗೆ ಉಪ್ಪಿನ ಕಣಿವೆಯ ಸರಿಯಾದ ನಕ್ಷೆ ಇದೆ, ಅಳತೆ ಸಮೇತ. ಆ ಮೂರು ಕಲ್ಲುಗಳು ಒಂದೇ ಗೆರೆಯಲ್ಲಿಲ್ಲ, ನಡುವಿನದು ಸರಿದಿದೆ. ತಿರುಗಿ, ನೆಲ ನೋಡಿಕೊಂಡು ದೂರ ನಡೆದು ಹೋಗಿ ನೋಡಿದೆ.

ಮಾವ


ಗುಬ್ಬಿ
4-10-2025, ಶನಿವಾರ

ಪ್ರೀತಿಯ ಮಾವನಿಗೆ,

ದಸರಾ ರಜೆ. ಫೋನ್ ಕೈಯಲ್ಲಿದೆ, ಆದರೂ ಕಾಗದ ಬರೆಯಬೇಕಾಗಿ ಬಂತು. ಯಾಕೆ ಎಂದು ಕೊನೆಗೆ ಹೇಳುತ್ತೇನೆ.

ಮೂರು ದಿನ ಬಾಗಿಲು ಮುಟ್ಟಲೇ ಇಲ್ಲ. ನಿಮ್ಮ ನಕ್ಷೆ ಹಿಡಿದುಕೊಂಡು ಇಡೀ ಕಣಿವೆ ಸುತ್ತಿದೆ. ದೋಣಿಕಟ್ಟೆಯಿಂದ ಗಾಳಿಗಿರಣಿಗೆ ಎಣಿಸಿದೆ. ನನಗೆ ಆರುನೂರ ಮೂವತ್ತೆಂಟು ಬಂತು, ಎರಡು ಹೆಜ್ಜೆ ನಿಮ್ಮದೇ ತಪ್ಪು. ಆ ಇಬ್ಬರು ರೈತರು ಇನ್ನೂ ಕೂಗಾಡುತ್ತಿದ್ದಾರೆ. ಕಹಳೆ ಕೇಳಿದರೆ ಈಗ ಟಿವಿ ಆರಿಸುವುದಿಲ್ಲ, ಅಮ್ಮ ಸಣ್ಣಗೆ ಇಡು ಎನ್ನುವಷ್ಟು ಜೋರಾಗಿ ಇಟ್ಟುಕೊಂಡು ಆಡುತ್ತೇನೆ. ಇವತ್ತು ಬೆಳಿಗ್ಗೆ ಬಾಗಿಲು ತೆರೆದೆ. ಅದರಾಚೆ ಏನಿದೆ ಎಂದು ನಿಮಗೆ ಹೇಳಲೇಬೇಕು ಎನಿಸಿತು.

ಫೋನ್ ಕೈಗೆ ತೆಗೆದುಕೊಂಡೆ. ಮೇ ಏಳರಿಂದ ಆ ನಂಬರನ್ನು ನಾನು ಒತ್ತಿಯೇ ಇರಲಿಲ್ಲ. ನೀವು ಮಾರ್ಕೋನಹಳ್ಳಿಯ ಕಡೆ ಫೀಲ್ಡಿನಲ್ಲಿದ್ದೀರಿ ಎಂದು ಅಮ್ಮ ಹೇಳಿದ್ದಳು. ಆದರೂ ಒತ್ತಿದೆ. ಐದು ಸಲ ರಿಂಗಾಯಿತು. ಆರನೆಯದಕ್ಕೆ ಎತ್ತಿದಿರಿ. ಹಲೋ ಎನ್ನಲಿಲ್ಲ. "ತಡಿ ನಂದೂ, ಮೊದ್ಲು ಎಲ್ಲಿ ನಿಂತಿದೀನಿ ನೋಡ್ಕೋತೀನಿ" ಎಂದಿರಿ. ಆಮೇಲೆ ನೀವು ನಡೆಯುವ ಸದ್ದು ಕೇಳಿಸಿತು, ಜೊತೆಗೆ ಕೋಲಿನ ಸದ್ದು. ನಾನು ಎಣಿಸಿದೆ. ಏಳು ಹೆಜ್ಜೆ. "ಹೂಂ, ಈಗ ಹೇಳವ್ವ" ಎಂದಿರಿ.

ನನಗೆ ಹೇಳಬೇಕಾದದ್ದೆಲ್ಲ ಮರೆತುಹೋಯಿತು. ಏನಿಲ್ಲ ಮಾವ, ಸುಮ್ಮನೆ ಮಾಡಿದೆ ಎಂದು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಬಾಗಿಲಾಚೆ ಏರಿ ಇದೆ ಮಾವ, ಉದ್ದಕ್ಕೆ, ಪೂರ್ತಿ ಹಸಿರು, ಇನ್ನೂ ಯಾರೂ ಅಳೆದಿಲ್ಲ. ರಜೆ ಮುಗಿಯುವುದರೊಳಗೆ ಬನ್ನಿ.

ನಿಮ್ಮ
ನಂದೂ